ಮಾತಾಡಿಸಿ ಬಾ ಅಂದವನು ನಾನು

ನಮ್ಮ ಕಡೆ ಯಾರಿಗಾದರೂ ಆರಾಮಿಲ್ಲ ಅಂದರೆ ಡಾಕ್ಟರು ಮಾಡುವುದು ಅರ್ಧ ಕೆಲಸ, ಉಳಿದರ್ಧ ಮಾತಾಡಿಸಲು ಬರುವ ಮಂದಿಯದು. ಕಾಲು ಮುರಿದಿರಲಿ, ಕಣ್ಣಿನ ಪೊರೆ ತೆಗೆಸಿರಲಿ, ಮನೆಯಲ್ಲಿ ಸಾವಾಗಿರಲಿ, ಬೀಗರು ಬಿಜ್ಜರು ಒಂದು ಬಿಸ್ಕೀಟ್ ಪುಡಾ, ಎರಡು ಎಳನೀರು ಹಿಡಿದುಕೊಂಡು ಬರಬೇಕು. ಹಾಸಿಗೆಯ ಪಕ್ಕ ಕೂತು, ಹೇಗಾಯಿತು ಯಾವಾಗಾಯಿತು ಎಂದು ಮೊದಲಿನಿಂದ ಕೇಳಿ, ಚಹಾ ಕುಡಿದು ಏಳಬೇಕು. ಮದುವೆಗೆ ಹೋಗದಿದ್ದರೆ ನಡೆಯುತ್ತದೆ, ಮಾತಾಡಿಸಲು ಹೋಗದಿದ್ದರೆ ನಡೆಯುವುದಿಲ್ಲ. ಹಾಗೆ ಬರದವರು ಯಾರು ಯಾರು ಎಂದು ನಮ್ಮವ್ವ ಇವತ್ತಿಗೂ ಬೆರಳು ಮಡಚಿ ಹೇಳುತ್ತಾಳೆ. ಅವರಲ್ಲಿ ಇಬ್ಬರು ತೀರಿಕೊಂಡು ಎಷ್ಟೋ ವರ್ಷವಾಯಿತು, ಬೆರಳು ಮಾತ್ರ ಬಿಚ್ಚಿಲ್ಲ.

ನಾನು ವಿಜಯಪುರದಲ್ಲಿ ಲ್ಯಾಬ್ ಟೆಕ್ನಿಶಿಯನ್. ಮನೆ ತೊರವಿಯ ಕಡೆ, ಪೇಟೆ ಮುಗಿಯುತ್ತ ಬರುವಲ್ಲಿ. ಅವ್ವ ನನ್ನ ಜೊತೆಯೇ ಇರುತ್ತಾಳೆ. ಒಂದು ಕಡೆ ಸುಮ್ಮನೆ ಕೂರುವುದು ನನ್ನಿಂದಾಗದ ಮಾತು. ಊಟದ ನಡುವೆ ಎರಡು ಸಲ ಏಳುತ್ತೇನೆ, ಫೋನಿನಲ್ಲಿ ಮಾತಾಡುವಾಗ ಇಡೀ ಮನೆ ಸುತ್ತುತ್ತೇನೆ. ಸಿಟ್ಟೂ ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಗಿಹೋದದ್ದರಲ್ಲಿ ರೋಗದ ಪಾಲು ಎಷ್ಟೋ ನನ್ನ ಅವಸರದ ಪಾಲೂ ಅಷ್ಟೇ ಇದೆ.

ಮೊದಲ ವರ್ಷ ಕೊರೊನಾ ನಮ್ಮ ಜಿಲ್ಲೆಗೆ ನಡೆದುಕೊಂಡು ಬಂತು ಅನ್ನಬೇಕು. ಅಲ್ಲೊಂದು, ಇಲ್ಲೊಂದು. ಒಂದು ಮನೆಯ ಆರು ಜನರ ಗಂಟಲ ದ್ರವ ಲ್ಯಾಬಿಗೆ ಬಂದರೆ ಒಬ್ಬರದ್ದು ಪಾಸಿಟಿವ್ ಆಗುತ್ತಿತ್ತು, ಉಳಿದವರು ಹೇಗೋ ಪಾರಾಗಿರುತ್ತಿದ್ದರು. ಬಬಲೇಶ್ವರದಲ್ಲಿ ಅದು ಮೊದಮೊದಲು ಹಿಡಿದವರಲ್ಲಿ ನಮ್ಮಕ್ಕ ಒಬ್ಬಳು. ಅಕ್ಕನನ್ನು ಕೊಟ್ಟಿರುವುದು ಆ ಊರಿಗೆ. ಮನೆಯ ಮುಂಭಾಗದಲ್ಲೇ ಬಟ್ಟೆ ಅಂಗಡಿ, ಭಾವ ಸರಕು ತರಲು ಹೋದಾಗ ಗಿರಾಕಿ ನೋಡುವವಳು ಅವಳು. ಅವಳಿಗೆ ಬಂದದ್ದು ಎರಡು ದಿನದ ಜ್ವರ, ಅಷ್ಟೇ. ಆದರೆ ಆಂಬುಲೆನ್ಸ್ ಬಂತು, ಓಣಿಗೆ ತಗಡು ಬಡಿದರು, ಅವಳನ್ನು ಕರೆದೊಯ್ದು ಬೇರೆ ಇಟ್ಟು ಎಷ್ಟೋ ದಿನದ ಮೇಲೆ ಮನೆಗೆ ಕಳಿಸಿದರು.

ವಾಪಸು ಬಂದ ದಿನ ಅಕ್ಕ ತಲೆಗೆ ನೀರು ಹಾಕಿಕೊಂಡು, ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂತಿದ್ದಳಂತೆ. ಮಂದಿ ಮಾತಾಡಿಸಲು ಬರುತ್ತಾರೆ ಎಂದು ಹಾಲು ಜಾಸ್ತಿ ಹೇಳಿದ್ದಳಂತೆ. ಒಂದು ನರಪಿಳ್ಳೆಯೂ ಬರಲಿಲ್ಲ. ಎದುರು ಮನೆಯವರು ಕಿಟಕಿ ಹಾಕಿಕೊಂಡರು. ಮೂರನೆಯ ದಿನ ನಾನು ಹೋದೆ, ನಾನೂ ಒಳಗೆ ಹೋಗಲಿಲ್ಲ, ಬೀದಿಯಲ್ಲೇ ನಿಂತೆ. ಬಾಗಿಲಲ್ಲಿ ನಿಂತು ಅವಳು, “ಸತ್ತಿದ್ರ ಬರ್ತಿರಲಿಲ್ಲ, ಅದು ನನಗೂ ಗೊತ್ತಿತ್ತು. ಬದುಕಿ ಬಂದ್ರೂ ಬರಲಿಲ್ಲಲ್ಲೋ ತಮ್ಮಾ” ಅಂದಳು. ನಾನು ಮಾಸ್ಕು ಸರಿ ಮಾಡಿಕೊಳ್ಳುತ್ತ ನಿಂತಿದ್ದೆ.

ಆಮೇಲೆ ಗಾಳಿ ತಿರುಗಿತು. ಮಂದಿಗೆ ರೋಗದ ಅಂಜಿಕೆ ಒಂದಾದರೆ, ಮಾತಾಡಿಸಲು ಹೋಗದಿದ್ದರೆ ಸಂಬಂಧ ಕೆಡುತ್ತದೆ ಎನ್ನುವ ಅಂಜಿಕೆ ಇನ್ನೊಂದು. ಜೀವ, ಸಂಬಂಧ ಎರಡನ್ನೂ ಉಳಿಸಿಕೊಳ್ಳಲು ಹಳ್ಳಿಹಳ್ಳಿಗಳಲ್ಲಿ ಒಂದು ದಾರಿ ಹುಡುಕಿಕೊಂಡರು. ಸಿಡುಬು ಒಮ್ಮೆ ಎದ್ದ ಮೈಗೆ ಮತ್ತೆ ಏಳುವುದಿಲ್ಲ ಎನ್ನುವುದು ಅಜ್ಜಿಯರ ಕಾಲದ ತಿಳಿವಳಿಕೆ. ಇದೂ ಹಾಗೇ ಅಲ್ಲವೇ? ಹಾಗಾದರೆ ಯಾರಿಗೆ ಒಮ್ಮೆ ಬಂದು ಹೋಗಿದೆಯೋ ಅವರನ್ನು ಇಡೀ ಮನೆತನದ ಪರವಾಗಿ ಕಳಿಸಿದರಾಯಿತು. ಒಬ್ಬರು ಹೋದರೆ ಎಲ್ಲರೂ ಹೋದ ಹಾಗೆ. ಒಂದು ಕಾಲಕ್ಕೆ ಬಾಗಿಲು ಹಾಕಿಸಿಕೊಂಡವರಿಗೆ ಈಗ ಎಲ್ಲಿಲ್ಲದ ಮರ್ಯಾದೆ ಬಂತು.

ನಮ್ಮ ಬಳಗದಲ್ಲಿ ಅಂಥವಳು ಅಕ್ಕ. ಗಂಡನ ಮನೆಯವರ ಪರವಾಗಿಯೂ ಅವಳೇ, ತವರಿನ ಪರವಾಗಿಯೂ ಅವಳೇ. ಇವತ್ತು ನಿಡೋಣಿ, ನಾಳೆ ಘೋಣಸಗಿ. ಹೇಳಿದಲ್ಲಿಗೆಲ್ಲ ಹೋಗುತ್ತಿದ್ದಳು, ಬೇಸರವಿಲ್ಲ. ತನ್ನ ಹಾಗೆ ಇನ್ನೊಬ್ಬರು ಬಾಗಿಲು ನೋಡುತ್ತ ಕೂರಬಾರದು ಎನ್ನುವುದು ಅವಳ ಹಟ. ಆ ಚಳಿಗಾಲದಲ್ಲಿ ಏನೂ ಆಗಲೂ ಇಲ್ಲ. ಏನೂ ಆಗದೇ ಇದ್ದದ್ದೇ ನಮ್ಮೆಲ್ಲರ ತಲೆ ಕೆಡಿಸಿತು.

ಮಂದಿ ನನಗೆ ಫೋನು ಮಾಡಿ ಕೇಳುತ್ತಿದ್ದರು, ನಮ್ಮ ಕಾಕಾಗೆ ಬಂದು ಹೋಗೈತ್ರಿ, ಕಳಸಬಹುದೇನ್ರಿ ಎಂದು. ನಾನು ಮಹಾ ಪಂಡಿತನ ಹಾಗೆ, ಒಮ್ಮೆ ಬಂದ ಮೇಲೆ ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಹುಟ್ಟಿರುತ್ತದೆ, ಧೈರ್ಯವಾಗಿ ಕಳಿಸಿ ಅನ್ನುತ್ತಿದ್ದೆ. ಅದು ಪೂರಾ ಸುಳ್ಳೇನೂ ಅಲ್ಲ. ಅರ್ಧ ಗೊತ್ತಿದ್ದವನು ಪೂರ್ತಿ ಗೊತ್ತಿದ್ದವನ ದನಿಯಲ್ಲಿ ಮಾತಾಡಿದ್ದು ತಪ್ಪು.

ಎರಡನೆಯ ವರ್ಷದ ಬೇಸಿಗೆ ಶುರುವಾಗುವ ಹೊತ್ತಿಗೆ ಲ್ಯಾಬಿನಲ್ಲಿ ಏನೋ ಬೇರೆಯೇ ಕಾಣತೊಡಗಿತು. ಆರು ಜನರ ಮನೆಯಿಂದ ಆರು ಬಾಟಲಿ ಬಂದರೆ ಆರೂ ಪಾಸಿಟಿವ್. ಮಶೀನಿನ ಪರದೆಯ ಮೇಲೆ ಗೆರೆ ಮೇಲೇಳಲು ಮೊದಲು ಕಾಯಬೇಕಾಗುತ್ತಿತ್ತು, ಈಗ ಎದ್ದುಬಿಡುತ್ತಿತ್ತು, ಅಂದರೆ ಒಂದೊಂದು ಗಂಟಲಲ್ಲೂ ಅಷ್ಟು ದಟ್ಟವಾಗಿ ತುಂಬಿಕೊಂಡಿತ್ತು. ಮಹಾರಾಷ್ಟ್ರದ ಕಡೆಯಿಂದ ಹೊಸ ತಳಿ ಬಂದಿದೆ ಎಂದು ಜೊತೆಯವರು ಮಾತಾಡಿಕೊಳ್ಳುತ್ತಿದ್ದರು. ಗಡಿ ನಮಗೇನು ದೂರ, ಟಿಕೋಟಾ ದಾಟಿದರೆ ಆಯಿತು. ಕೆಲವು ಬಾಟಲಿಗಳನ್ನು ಆರಿಸಿ ಬರ್ಫದಲ್ಲಿಟ್ಟು, ಇದು ಯಾವ ತಳಿ ನೋಡಿ ಎಂದು ಬೆಂಗಳೂರಿಗೆ ಕಳಿಸುತ್ತಿದ್ದೆವು. ಉತ್ತರ ಬರುವ ಹೊತ್ತಿಗೆ ರೋಗ ಇನ್ನೊಂದು ಓಣಿ ದಾಟಿರುತ್ತಿತ್ತು.

ಆ ದಿನಗಳಲ್ಲೇ ನಿಡೋಣಿಯಿಂದ ಬಂದ ಬಾಟಲಿಗಳಲ್ಲಿ ಒಂದು ಹೆಸರು ಕಣ್ಣಿಗೆ ಬಿತ್ತು. ಹಿಂದಿನ ವರ್ಷ ಪಾಸಿಟಿವ್ ಆಗಿದ್ದ ಹೆಣ್ಣುಮಗಳು, ಅವಳದ್ದನ್ನು ನಾನೇ ಎರಡು ಸಲ ಪರೀಕ್ಷೆ ಮಾಡಿದ್ದರಿಂದ ನೆನಪಿತ್ತು. ಈಗ ಮತ್ತೆ ಪಾಸಿಟಿವ್. ಇದು ಹೇಗೆ ಸಾಧ್ಯ? ಚೀಟಿ ಅಂಟಿಸುವಾಗ ಅದಲು ಬದಲು ಮಾಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಸ್ಯಾಂಪಲ್ ತೆಗೆದವನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವನು, ಇಲ್ಲರಿ ಸರ್, ಆಕಿನ ಅದಾಳ್ರಿ ಎಂದು ಮೂರು ಸಲ ಹೇಳಿದ. ಮೂರು ಸಲವೂ ನಾನು ಕೇಳಿಸಿಕೊಳ್ಳಲಿಲ್ಲ. ಹೊಸ ತಳಿ ಹಳೆಯ ರಕ್ಷಣೆಯನ್ನು ದಾಟಿ ಬರಬಹುದು ಎನ್ನುವ ಮಾತು ನನ್ನ ಕೈಯಲ್ಲೇ, ಬಾಟಲಿಯೊಳಗೆ ಇತ್ತು. ನಾನು ಅದರ ಚೀಟಿಯ ತಪ್ಪು ಹುಡುಕುತ್ತಿದ್ದೆ.

ಅದೇ ಹೊತ್ತಿಗೆ ಟಿಕೋಟಾದಲ್ಲಿ ನಮ್ಮ ಮಾಮಾ, ಅಂದರೆ ಅವ್ವನ ತಮ್ಮ, ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ನಿಚ್ಚಣಿಕೆಯಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ವಿಜಯಪುರದಲ್ಲಿ ಆಪರೇಷನ್ ಆಯಿತು, ಆಸ್ಪತ್ರೆಯೊಳಗೆ ನೋಡಲು ಯಾರನ್ನೂ ಬಿಡಲಿಲ್ಲ, ಆಮೇಲೆ ಮನೆಗೆ ಒಯ್ದರು. ಮಾಮಾ ನಗೆಚಾಟಿಕೆಯ ಮನುಷ್ಯ. ನನ್ನನ್ನು ಕಂಡರೆ, ಬಂದ್ಯಾ, ಕುಂಡ್ರಬ್ಯಾಡ, ಹಂಗ ನಿಂತ ಚಹಾ ಕುಡದು ಹೋಗು ಎಂದು ಅಣಕಿಸುತ್ತಿದ್ದ. ಹಾಸಿಗೆ ಹಿಡಿದ ತಮ್ಮನನ್ನು ಮಾತಾಡಿಸಿ ಬರಲಿಲ್ಲ ಎಂದು ಅವ್ವ ಅನ್ನ ಬಿಟ್ಟಳು. ಅವಳಿಗೆ ಸಕ್ಕರೆ ಕಾಯಿಲೆ, ಕಳಿಸುವ ಹಾಗಿಲ್ಲ. ನಾನು ದಿನವಿಡೀ ರೋಗದ ನಡುವೆ ಇರುವವನು, ಹೋಗುವ ಹಾಗಿಲ್ಲ. ಹಾಗಾದರೆ ಅಕ್ಕ ಇದ್ದಾಳಲ್ಲ ಅಂದೆ. ಹೇಳುವಾಗ ಎಷ್ಟು ಸರಳವಾಗಿತ್ತು!

ಫೋನು ಮಾಡಿದೆ. ಅಕ್ಕ ಎರಡು ದಿನದ ಹಿಂದೆ ನಿಡೋಣಿಯಲ್ಲಿ ಒಂದು ಸಾವಿನ ಮನೆಗೆ ಹೋಗಿ ಬಂದಿದ್ದಳು, ಗಂಡನ ಕಡೆಯವರದು. ಟಿಕೋಟಾಕ್ಕೂ ಹೋಗುತ್ತೇನೆ ಎಂದಳು. ಆಮೇಲೆ ಕೇಳಿದಳು.

“ನನಗ ಬರೂದಿಲ್ಲ, ಖರೆ. ನನ್ನಿಂದ ಮಾಮಾಗ ಹೋದ್ರ?”

ಬಬಲೇಶ್ವರದ ಬಟ್ಟೆ ಅಂಗಡಿಯಲ್ಲಿ ಕೂರುವ ನನ್ನ ಅಕ್ಕ ಕೇಳಿದ ಈ ಪ್ರಶ್ನೆಯನ್ನು ಲ್ಯಾಬಿನಲ್ಲಿ ನಿಂತ ನಾನು ಕೇಳಿಕೊಂಡಿರಲಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಟ್ರೇ ಹಿಡಿದು ಆಚೆ ಈಚೆ ಓಡಾಡುತ್ತಿದ್ದೆ. “ನಿನಗ ಬರಲಾರದ್ದು ಇನ್ನೊಬ್ಬರಿಗೆ ಹ್ಯಾಂಗ ಕೊಡ್ತಿ? ಸುಮ್ನ ಮಾತಾಡಿಸಿ ಬಾ” ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಕ್ಕ ಟಿಕೋಟಾದಲ್ಲಿ ಅರ್ಧ ದಿನ ಇದ್ದಳು. ಮಾಮಾನ ಪಕ್ಕದಲ್ಲಿ ಕೂತು ಎಳನೀರು ಕುಡಿಸಿದಳು, ಮಲಗಿ ಮಲಗಿ ಜಡೆಗಟ್ಟಿದ್ದ ಅವನ ಕೂದಲಿಗೆ ಎಣ್ಣೆ ಹಚ್ಚಿ ಬಾಚಿದಳು. ಮಾಸ್ಕು ಗದ್ದದ ಕೆಳಗೆ ಇದ್ದಿರಬೇಕು, ಅಷ್ಟು ಹೊತ್ತು ಯಾರು ಮೂಗು ಮುಚ್ಚಿಕೊಂಡು ಮಾತಾಡುತ್ತಾರೆ? ಮಾಮಾ ನನಗೆ ಫೋನು ಮಾಡಿ, ನಿಮ್ಮ ಮನೆಯಲ್ಲಿ ಮನುಷ್ಯತ್ವ ಇರುವುದು ಅವಳೊಬ್ಬಳಿಗೇ ಎಂದು ಚುಚ್ಚಿ ನಕ್ಕ. ನಾನೂ ನಕ್ಕೆ.

ಮೂರು ದಿನ ಬಿಟ್ಟು ಅಕ್ಕ ಫೋನಿನಲ್ಲಿ ಸೀನಿದಳು. ಬಿಸಿಲಲ್ಲಿ ಬಂದು ತಣ್ಣೀರು ಕುಡಿದಿದ್ದಕ್ಕೆ ನೆಗಡಿ ಅಂದಳು. ಬೈಕು ಹತ್ತಿ ಬಬಲೇಶ್ವರಕ್ಕೆ ಹೋಗಿ, ಅವಳು ಬೇಡ ಬೇಡ ಎಂದರೂ ಮೂಗಿಗೆ ಕಡ್ಡಿ ಹಾಕಿ ತಂದೆ. ಪಾಸಿಟಿವ್. ನಂಬದೆ ಮತ್ತೊಮ್ಮೆ ಹಾಕಿದೆ. ಗೆರೆ ಮೊದಲಿಗಿಂತಲೂ ಬೇಗ ಎದ್ದಿತು. ಆಗ ನಿಡೋಣಿಯ ಆ ಹೆಣ್ಣುಮಗಳ ಬಾಟಲಿ ನೆನಪಾಯಿತು. ಟಿಕೋಟಾಕ್ಕೆ ಫೋನು ಮಾಡಿದೆ. ಅತ್ತೆ, ಅಂದರೆ ಮಾಮಾನ ಹೆಂಡತಿ, ತನಗೆ ಹಿಂದಿನ ದಿನದಿಂದ ಮೈ ಬಿಸಿ ಇದೆ, ಈಗ ಮಾಮಾಗೂ ಶುರುವಾಗಿದೆ ಅಂದಳು.

ಮುಂದಿನದನ್ನು ಉದ್ದ ಮಾಡಲಾರೆ. ಹಾಸಿಗೆಗಾಗಿ ಓಡಿದೆ, ಆಕ್ಸಿಜನ್ನಿಗಾಗಿ ಓಡಿದೆ, ಗುರುತಿದ್ದವರ, ಗುರುತಿಲ್ಲದವರ ಕಾಲು ಹಿಡಿದೆ. ಅಕ್ಕನಿಗೆ ಮೂರು ದಿನದಲ್ಲಿ ನೆಗಡಿ ಇಳಿಯಿತು, ಅತ್ತೆಗೆ ವಾರದಲ್ಲಿ ಜ್ವರ ಬಿಟ್ಟಿತು. ಮಾಮಾ ಹತ್ತನೆಯ ದಿನ ತೀರಿಕೊಂಡ. ಅವನ ಅಂತ್ಯಸಂಸ್ಕಾರವನ್ನು ದೂರದಿಂದ, ಗೇಟಿನ ಆಚೆಯಿಂದ ನೋಡಿದೆ. ಅತ್ತೆಯನ್ನು ಮಾತಾಡಿಸಲು ಯಾರೂ ಹೋಗಲಿಲ್ಲ. ಬಂದು ಹೋದವರನ್ನು ಕಳಿಸುವ ಪದ್ಧತಿ ಅಷ್ಟೊತ್ತಿಗೆ ಎಲ್ಲಾ ಊರುಗಳಲ್ಲೂ ನಿಂತುಹೋಗಿತ್ತು, ಯಾಕೆ ನಿಂತಿತು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಅಕ್ಕ ತನ್ನ ಕೋಣೆಯಲ್ಲಿ ಕೂತು ದಿನಗಳನ್ನು ಎಣಿಸಿದಳು. ನಿಡೋಣಿಗೆ ಹೋದದ್ದು ಯಾವತ್ತು, ಟಿಕೋಟಾಕ್ಕೆ ಹೋದದ್ದು ಯಾವತ್ತು, ಸೀನಿದ್ದು ಯಾವತ್ತು, ಮಾಮಾಗೆ ಜ್ವರ ಬಂದದ್ದು ಯಾವತ್ತು. ಅದಕ್ಕೆ ಲ್ಯಾಬ್ ಬೇಕಿರಲಿಲ್ಲ. ಅನ್ನ ಬಿಟ್ಟಳು, ಅಂಗಡಿಗೆ ಬರುವುದು ಬಿಟ್ಟಳು. ಭಾವ ಕರೆದಾಗ ನಾನು ಹೋದೆ. ಗೋಡೆಗೆ ಒರಗಿ ಕೂತಿದ್ದಳು, ಕಣ್ಣಲ್ಲಿ ನೀರೂ ಇರಲಿಲ್ಲ.

“ಖರೆ ಹೇಳು ತಮ್ಮಾ. ನಾ ಒಯ್ದು ಕೊಟ್ಟೆನೇನು?” ಅಂದಳು.

ಹೌದು ಅನ್ನಬೇಕಿತ್ತು. ಒಯ್ದವಳು ನೀನು, ಕಳಿಸಿದವನು ನಾನು ಅನ್ನಬೇಕಿತ್ತು. ಆದರೆ ಅವಳ ಮುಖ ನೋಡಿ ನನ್ನ ಬಾಯಲ್ಲಿ ಬೇರೆಯೇ ಬಂತು. ನಿಮ್ಮಿಬ್ಬರ ಸ್ಯಾಂಪಲ್ಲನ್ನೂ ಬೆಂಗಳೂರಿಗೆ ಕಳಿಸಿದ್ದೆ, ರಿಪೋರ್ಟ್ ಬಂದಿದೆ, ನಿನ್ನ ತಳಿಯೇ ಬೇರೆ, ಮಾಮಾನದೇ ಬೇರೆ ಅಂದೆ. ದ್ರಾಕ್ಷಿ ಅಂತ ಕರೆದರೂ ಥಾಮ್ಸನ್ ಬೇರೆ, ಸೊನಾಕಾ ಬೇರೆ ಅಲ್ಲವೇ, ಹಾಗೆ. ಥಾಮ್ಸನ್ ಬಳ್ಳಿಗೆ ಸೊನಾಕಾ ಬಿಡುತ್ತದೆಯೇ? ನೀನು ಕೊಟ್ಟಿದ್ದರೆ ನಿನ್ನದೇ ತಳಿ ಅವನಲ್ಲಿ ಸಿಗಬೇಕಿತ್ತು. ಇಷ್ಟನ್ನೂ ಒಂದೇ ಉಸಿರಿಗೆ, ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಹೇಳಿದೆ. ಒಂದಕ್ಷರವೂ ನಿಜವಲ್ಲ. ಇಬ್ಬರದ್ದೂ ಬೆಂಗಳೂರಿಗೆ ಹೋಗಿರಲೇ ಇಲ್ಲ, ಆರಿಸಿದ ಬಾಟಲಿಗಳಲ್ಲಿ ಅವು ಇರಲಿಲ್ಲ.

ಅಕ್ಕ ಮುಖ ಮುಚ್ಚಿಕೊಂಡು ಅತ್ತಳು. ಅವತ್ತು ಸಂಜೆ ಅರ್ಧ ರೊಟ್ಟಿ ತಿಂದಳು ಎಂದು ಭಾವ ಫೋನು ಮಾಡಿದಾಗ ನನಗೆ ಹೆಮ್ಮೆಯಾಯಿತು, ಸುಳ್ಳೇಕೆ. ಜೀವಮಾನದಲ್ಲಿ ಕಲಿತ ವಿದ್ಯೆ ಒಂದು ಜೀವ ಉಳಿಸಿತು ಅಂದುಕೊಂಡೆ.

ಮತ್ತೊಂದು ಚಳಿಗಾಲಕ್ಕೆ ಇನ್ನೊಂದು ತಳಿ ಬಂತು. ಅದು ನಡೆಯಲೂ ಇಲ್ಲ, ಓಡಲೂ ಇಲ್ಲ, ಒಮ್ಮೆಲೇ ಎಲ್ಲಾ ಕಡೆ ಇತ್ತು. ಬಂದು ಹೋದವರು, ಬರದವರು, ಸೂಜಿ ಚುಚ್ಚಿಸಿಕೊಂಡವರು, ಯಾರನ್ನೂ ಬಿಡಲಿಲ್ಲ. ಇಡೀ ವಿಜಯಪುರ ಸೀನಿತು, ಕಷಾಯ ಕುಡಿಯಿತು, ಎದ್ದು ಕೆಲಸಕ್ಕೆ ಹೋಯಿತು. ಯಾರಿಂದ ಯಾರಿಗೆ ಎಂದು ಕೇಳುವುದನ್ನೇ ಮಂದಿ ಬಿಟ್ಟರು. ಲ್ಯಾಬಿನಲ್ಲಿ ನಾವೂ ಬಿಟ್ಟೆವು. ಆ ಪ್ರಶ್ನೆ ಸತ್ತಿತು, ನಾನು ಬದುಕಿದೆ ಅಂದುಕೊಂಡೆ.

ಸತ್ತಿರಲಿಲ್ಲ. ಅಕ್ಕ ನನ್ನ ಸುಳ್ಳನ್ನು ಎದೆಗೆ ಒತ್ತಿಕೊಂಡು ಸುಮ್ಮನಿರಲಿಲ್ಲ, ಬಳಗಕ್ಕೆಲ್ಲ ಹೇಳಿದ್ದಳು. ಹೇಳದೆ ಇರುತ್ತಾಳೆಯೇ? ಮೊದಲು ಹೇಳಿದ್ದೇ ಅತ್ತೆಗೆ. ಬೆಂಗಳೂರಿನಲ್ಲಿ ನೋಡಿದ್ದಾರಂತೆ ಅತ್ತಿ, ನನ್ನದೇ ಬೇರೆಯಂತೆ, ಮಾಮಾಂದೇ ಬೇರೆಯಂತೆ ಎಂದು ಕೈ ಹಿಡಿದು ಹೇಳಿದಳಂತೆ. ಅತ್ತೆ, ಆತು ಬಿಡವ್ವ ಅಂದಳಂತೆ.

ಇದೆಲ್ಲ ನನಗೆ ಗೊತ್ತಾದದ್ದು ಈ ವರ್ಷ. ಅವ್ವ ಟಿಕೋಟಾದಲ್ಲಿ ನಾಲ್ಕು ದಿನ ಇದ್ದು ಬಂದಳು. ಬಂದವಳೇ, ನಿಮ್ಮತ್ತಿಗೆ ಏನಾಗೈತಿ ನೋಡಪಾ ಅಂದಳು. ಅತ್ತೆ ಮೊಮ್ಮಗಳನ್ನು ಎತ್ತಿಕೊಳ್ಳುವುದಿಲ್ಲವಂತೆ. ತಟ್ಟೆ ಬೇರೆ, ತಂಬಿಗೆ ಬೇರೆ. ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ಇವಳು ಆ ಕೋಣೆಯ ಹೊಸ್ತಿಲು ದಾಟುವುದಿಲ್ಲವಂತೆ. ಮಗ, ಸೊಸೆ ಕೇಳಿ ಕೇಳಿ ಸಾಕಾಗಿ, ವಯಸ್ಸಾಯಿತು ಎಂದು ಬಿಟ್ಟಿದ್ದರು. ಅವ್ವನ ಮುಂದೆ ಮಾತ್ರ ಅತ್ತೆ ಬಾಯಿ ಬಿಟ್ಟಿದ್ದಳು. ಮಾಮಾಗೆ ಜ್ವರ ಬರುವ ಮೊದಲಿನ ವಾರ ತಾನು ಔಷಧಿಗೆಂದು ವಿಜಯಪುರಕ್ಕೆ ಹೋಗಿ ಪಾಳಿಯಲ್ಲಿ ನಿಂತಿದ್ದಳು, ಗಡಿಯಾಚೆಯಿಂದ ಬಂದ ಆಳುಗಳಿಗೆ ಶೆಡ್ಡಿಗೆ ಹೋಗಿ ಊಟ ಬಡಿಸಿದ್ದಳು. ಮಾಮಾ ಹಾಸಿಗೆ ಬಿಟ್ಟು ಎದ್ದವನಲ್ಲ. ಜ್ವರ ಮೊದಲು ಬಂದದ್ದೂ ತನಗೇ. ಅಕ್ಕನದು ಬೇರೆ ತಳಿ ಅಂತ ದೊಡ್ಡವರೇ ನೋಡಿ ಹೇಳಿದ ಮೇಲೆ ಇನ್ನು ಉಳಿದವರು ಯಾರು?

ಅವ್ವ ಹೇಳುತ್ತಲೇ ಇದ್ದಳು, ನಾನು ಎದ್ದು ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ. ಅಕ್ಕನ ಕೊರಳಿಂದ ತೆಗೆದದ್ದನ್ನು ನಾನು ಬಿಸಾಕಿರಲಿಲ್ಲ, ಅತ್ತೆಯ ಕೊರಳಿಗೆ ಕಟ್ಟಿದ್ದೆ. ಇಷ್ಟು ವರ್ಷ ಆ ಹೆಂಗಸು ಗಂಡನನ್ನು ಕೊಂದವಳು ತಾನು ಎಂದುಕೊಂಡು ಅದೇ ಮನೆಯಲ್ಲಿ ರೊಟ್ಟಿ ಬಡಿಯುತ್ತ ಇದ್ದಾಳೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಎರಡು ವಾರ ಹಾಗೂ ಹೀಗೂ ತಳ್ಳಿದೆ. ಹೇಳಿದರೆ ಅಕ್ಕನ ಜೀವ ಹೋಗುತ್ತದೆ, ಹೇಳದಿದ್ದರೆ ಅತ್ತೆಯದು. ಕೊನೆಗೆ ಒಂದು ಭಾನುವಾರ ಟಿಕೋಟಾಕ್ಕೆ ಹೋದೆ.

ಮಧ್ಯಾಹ್ನ. ಅತ್ತೆ ಪಡಸಾಲೆಯಲ್ಲಿ ಮೊರದಲ್ಲಿ ಒಣದ್ರಾಕ್ಷಿ ಹಾಕಿಕೊಂಡು ಕಡ್ಡಿ ಆರಿಸುತ್ತಿದ್ದಳು. ಮಗ, ಸೊಸೆ ತೋಟಕ್ಕೆ ಹೋಗಿದ್ದರು. ಚಹಾ ಬೇಡ ಅಂದೆ. ಅವಳ ಎದುರು ನೆಲದ ಮೇಲೆ ಕೂತು, ಏಳದೆ, ಎಲ್ಲವನ್ನೂ ಹೇಳಿದೆ. ಬೆಂಗಳೂರಿಗೆ ಏನೂ ಹೋಗಿರಲಿಲ್ಲ, ಯಾವ ರಿಪೋರ್ಟೂ ಬಂದಿರಲಿಲ್ಲ. ಅಕ್ಕ ಹೋಗಬಹುದೇ ಎಂದು ಕೇಳಿದ್ದಳು, ಹೋಗು ಅಂದವನು ನಾನು. ಯಾರಿಂದ ಬಂತು ಎಂದು ಖಡಾಖಂಡಿತ ಹೇಳಲು ಈಗ ದೇವರಿಂದಲೂ ಆಗುವುದಿಲ್ಲ, ಆದರೆ ದಿನ ಎಣಿಸಿ ನೋಡಿದರೆ ನಿನಗೂ ಮಾಮಾಗೂ ಅದು ಅಕ್ಕನಿಂದಲೇ ಬಂದಿರಬೇಕು ಅಂದೆ. ನಿನ್ನಿಂದಲ್ಲ ಅತ್ತಿ, ನಿನ್ನಿಂದಲ್ಲ ಎಂದು ಎರಡು ಸಲ ಹೇಳಿದೆ.

ಅತ್ತೆಯ ಕೈ ಮೊರದ ಮೇಲೆ ನಿಂತಿತು. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು.

“ಅಕ್ಕಗ ಹೇಳೀಯೇನು?”

“ಇನ್ನೂ ಇಲ್ಲ. ಇಲ್ಲಿಂದ ಬಬಲೇಶ್ವರಕ್ಕ ಹೋಗ್ತೀನಿ.”

“ಹೋಗಬ್ಯಾಡ” ಅಂದಳು ಅತ್ತೆ. “ನನಗ ಇದು ರೂಢಿ ಆಗೈತಿ ಯಪ್ಪಾ. ಆಕಿಗೆ ಹೊಸಾದು ಆಗ್ತೈತಿ.”

ನಾನು ಹಾಗಲ್ಲ ಅತ್ತಿ, ಅದು ನ್ಯಾಯವಲ್ಲ ಎಂದು ಏನೇನೋ ಹೇಳಲು ಬಾಯಿ ತೆರೆದೆ. ಅವಳು ಅಷ್ಟೊತ್ತಿಗೆ ಮತ್ತೆ ಕಡ್ಡಿ ಆರಿಸತೊಡಗಿದ್ದಳು. ನಾನು ಬಬಲೇಶ್ವರಕ್ಕೆ ಹೋಗಲಿಲ್ಲ, ನೆಟ್ಟಗೆ ಮನೆಗೆ ಬಂದೆ. ಅವಳ ಮಾತಿಗೆ ನಾನು ಎಷ್ಟು ಬೇಗ ಒಪ್ಪಿದೆ ಎನ್ನುವುದು ನೆನಪಾದಾಗೆಲ್ಲ ನನಗೆ ನಾಚಿಕೆಯಾಗುತ್ತದೆ.